ಮೂಗಿನ ಡ್ಯೂಟಿ

ಫೆಬ್ರವರಿ 3, ಸೋಮವಾರ

ಲವಂಗ: ಇಲ್ಲ. ನಿಂಬೆ: ಇಲ್ಲ. ಕಾಫಿಪುಡಿ: ಇಲ್ಲ. ಸೋಪು: ಇಲ್ಲ.

ಮೂಗಿನ ಡಾಕ್ಟರು ಹೇಳಿದ್ದಕ್ಕೆ ಈ ನೋಟ್‌ಬುಕ್ ತಂದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನಾಲ್ಕು ಡಬ್ಬಿಗಳ ಮುಚ್ಚಳ ತೆಗೆದು, ಒಂದೊಂದನ್ನೂ ಮೂಗಿನ ಹತ್ತಿರ ಹಿಡಿದು ಇಪ್ಪತ್ತು ಎಣಿಸಬೇಕಂತೆ. ಬಂತೋ ಇಲ್ಲವೋ ಬರೆಯಬೇಕಂತೆ. ಮನಸ್ಸಿಗೆ ತೋಚಿದ್ದನ್ನೂ ಬರೆಯಬಹುದಂತೆ, ಯಾರೂ ಓದುವುದಿಲ್ಲವಂತೆ.

"ಎಷ್ಟು ದಿನ ಡಾಕ್ಟ್ರೇ?" ಅಂತ ಕೇಳಿದೆ.

"ಕೆಲವರಿಗೆ ತಿಂಗಳು, ಕೆಲವರಿಗೆ ವರ್ಷ. ಇನ್ನು ಕೆಲವರಿಗೆ..." ಅಂದು ಪೆನ್ನಿಗೆ ಮುಚ್ಚಳ ಹಾಕಿದರು.

ನವೆಂಬರ್‌ನಲ್ಲಿ ಬಂದ ಜ್ವರ ಐದು ದಿನಕ್ಕೆ ಬಿಟ್ಟುಹೋಯಿತು. ಹೋಗುವಾಗ ವಾಸನೆ, ರುಚಿ ಎರಡನ್ನೂ ಗಂಟು ಕಟ್ಟಿಕೊಂಡು ಹೋಯಿತು. ಇಪ್ಪತ್ತಾರು ವರ್ಷ ಒಂದೇ ಹೋಟೆಲಿನ ಒಲೆ ಮುಂದೆ ನಿಂತವನು ನಾನು. ಬೆನ್ನು ತಿರುಗಿಸಿ ನಿಂತಿದ್ದರೂ ಬೆಳ್ಳುಳ್ಳಿಯ ಬಾಣಲೆ ಯಾವ ಕ್ಷಣಕ್ಕೆ ಇಳಿಸಬೇಕು ಅಂತ ಮೂಗೇ ಹೇಳುತ್ತಿತ್ತು. ಡಿಸೆಂಬರ್‌ನಲ್ಲಿ ಒಂದೇ ವಾರ ಮೂರು ಸಲ ಸೂಪಿಗೆ ಎರಡೆರಡು ಬಾರಿ ಉಪ್ಪು ಹಾಕಿದೆ. ಮಾಲೀಕರು ಕೆಟ್ಟವರಲ್ಲ. "ಮೂಗು ಸರಿಹೋದ ಮೇಲೆ ಬನ್ನಿ" ಅಂದರು. ಏಪ್ರನ್ ಮಡಚಿ ಕೌಂಟರಿನ ಮೇಲಿಟ್ಟು ಬಂದೆ.

ಸಂಜೆ: ನಾಲ್ಕೂ ಇಲ್ಲ.

ಫೆಬ್ರವರಿ 10, ಸೋಮವಾರ

ನಾಲ್ಕೂ ಇಲ್ಲ.

ಹೊಸ ಕೆಲಸಕ್ಕೆ ಸೇರಿದೆ. ಹೇಳಿಕೊಳ್ಳುವಂಥದ್ದಲ್ಲ. ಪೊಲೀಸ್ ಶ್ವಾನದಳದಲ್ಲಿ ನಾಯಿಗಳಿಗೆ ಅಡುಗೆ. ಹೆಂಡತಿಯ ತಮ್ಮ ಅಲ್ಲಿ ವ್ಯಾನ್ ಡ್ರೈವರು, ಅವನೇ ಕೊಡಿಸಿದ.

"ಭಾವ, ಉಪ್ಪು ಬೇಡ, ಖಾರ ಬೇಡ, ಬೇಯಿಸಿದ್ರೆ ಆಯ್ತು. ನಿಮ್ಮ ಮೂಗಿನ ವಿಷಯ ಯಾರೂ ಕೇಳಲ್ಲ. ನೀವೂ ಹೇಳೋಕೆ ಹೋಗ್ಬೇಡಿ" ಅಂದ. ಹೇಳಲಿಲ್ಲ.

ತಗಡಿನ ಮಾಡಿನ ಅಡುಗೆಮನೆ. ಎರಡು ದೊಡ್ಡ ಒಲೆ, ಒಂದು ಹಳೇ ಫ್ರೀಜರ್, ಒಂದು ತಕ್ಕಡಿ. ಗೋಡೆಯ ಮೇಲೆ ಯಾವ ನಾಯಿಗೆ ಎಷ್ಟು ಗ್ರಾಂ ಮಾಂಸ, ಎಷ್ಟು ಅನ್ನ, ಎಷ್ಟು ಕ್ಯಾರೆಟ್ ಅಂತ ಪಟ್ಟಿ. ನಾಯಿಗಳ ಡಾಕ್ಟರಮ್ಮ ಬಂದು ನನ್ನ ಚೀಲದಲ್ಲೇ ಕೈ ಹಾಕಿ ನೋಡಿದರು. "ಈರುಳ್ಳಿ, ಬೆಳ್ಳುಳ್ಳಿ ಈ ಬಾಗಿಲು ದಾಟಬಾರದು. ನಾಯಿಗಳಿಗೆ ಅದು ವಿಷ" ಅಂದರು. ಇಪ್ಪತ್ತಾರು ವರ್ಷದ ನನ್ನ ಬಂಡವಾಳ ಎರಡೇ ಮಾತಿನಲ್ಲಿ ಮುಗಿಯಿತು.

ಆರು ನಾಯಿ. ಕಳ್ಳರ ಜಾಡು ಹಿಡಿಯುವ ದೊರೆ, ಬಾಂಬು ಪತ್ತೆಮಾಡುವ ಪಟಾಕಿ, ಇನ್ನು ಮೂರು. ಆರನೆಯದು ಕುಸಿದ ಕಟ್ಟಡಗಳಡಿ ಸಿಕ್ಕಿಕೊಂಡವರನ್ನು ಹುಡುಕುವ ಕಪ್ಪು ಲ್ಯಾಬ್ರಡಾರ್. ಹೆಸರು ಗುಬ್ಬಿ. ತೂಕ ಮೂವತ್ತೊಂದು ಕೆಜಿ. ಹೆಸರಿಟ್ಟವರಿಗೆ ಕಣ್ಣಿರಲಿಲ್ಲವೋ, ಹಾಸ್ಯಪ್ರಜ್ಞೆ ಜಾಸ್ತಿಯಿತ್ತೋ.

ಆ ಗುಬ್ಬಿ ಬಂದು ನನ್ನ ಕೈ, ಮೊಣಕೈ, ಅಂಗಿಯ ತೋಳು ಎಲ್ಲಾ ಮೂಸಿತು. ಬಿಡಲೇ ಇಲ್ಲ. ಇಪ್ಪತ್ತಾರು ವರ್ಷದ ಅಡುಗೆ ಚರ್ಮದೊಳಗೆ ಇನ್ನೂ ಉಳಿದಿರಬೇಕು. ನನಗೇ ಸಿಗದಿದ್ದು ಅದಕ್ಕೆ ಸಿಕ್ಕಿತಲ್ಲ ಅಂತ ಹೊಟ್ಟೆ ಉರಿಯಿತು. ನಾಯಿಯ ಮೇಲೆ ಹೊಟ್ಟೆಕಿಚ್ಚುಪಟ್ಟವನು ಊರಲ್ಲಿ ನಾನೊಬ್ಬನೇ ಇರಬೇಕು.

ಫೆಬ್ರವರಿ 19, ಬುಧವಾರ

ಇಲ್ಲ, ಇಲ್ಲ, ಇಲ್ಲ, ಇಲ್ಲ.

ಬೇಯಿಸಿದೆ. ಬಡಿಸಿದೆ. ತೊಳೆದೆ. ಬಂದೆ.

ಮಾರ್ಚ್ 2, ಭಾನುವಾರ

ನಾಲ್ಕೂ ಇಲ್ಲ. ಇವತ್ತಿಗೆ ನೂರ ಏಳನೇ ದಿನ.

ಮಧ್ಯಾಹ್ನ ಊಟಕ್ಕೆ ಕೂತಾಗ ಬಾಯಿ ತಪ್ಪಿ "ಮಣ್ಣು ತಿಂದ ಹಾಗಿದೆ" ಅಂದುಬಿಟ್ಟೆ. ಹೆಂಡತಿ ತಟ್ಟೆ ಕೆಳಗಿಟ್ಟಳು.

"ಮೂರು ತಿಂಗಳಿಂದ ಇದೇ ಮಾತು ಕೇಳ್ತಿದೀನಿ. ನಿಮಗೆ ರುಚಿ ಹೋಯ್ತು, ಸರಿ. ನಿಮ್ಮ ಮುಖ ನೋಡಿ ನೋಡಿ ನನಗೂ ಅನ್ನ ಇಳಿಯಲ್ಲ, ಅದು ಗೊತ್ತಾ ನಿಮಗೆ?"

ಗೊತ್ತಿರಲಿಲ್ಲ. ನೋಡಿದೆ. ಬಳೆ ಮೊಣಕೈತನಕ ಜಾರುವಷ್ಟು ಇಳಿದುಹೋಗಿದ್ದಾಳೆ. ಕ್ಷಮಿಸು ಅನ್ನಬೇಕಿತ್ತು. ಎದ್ದು ಕೈ ತೊಳೆದುಕೊಂಡೆ.

ಮಾರ್ಚ್ 17, ಸೋಮವಾರ

ಡಬ್ಬಿ ತೆಗೆಯಲಿಲ್ಲ.

ನಿನ್ನೆ ನನಗೆ ರಜೆ. ಶ್ವಾನದಳದಲ್ಲಿ ಹಗಲೆಲ್ಲ ಕರೆಂಟು ಇರಲಿಲ್ಲವಂತೆ. ಇವತ್ತು ಹೋದಾಗ ಫ್ರೀಜರ್ ಗುಂಯ್‌ಗುಡುತ್ತಿತ್ತು, ಹಾಗಾಗಿ ನನಗೆ ಅನುಮಾನ ಬರಲಿಲ್ಲ. ಮಾಂಸ ಸ್ವಲ್ಪ ಮೆತ್ತಗಿದೆ ಅನಿಸಿತು. ಹೋಟೆಲಿನಲ್ಲಾಗಿದ್ದರೆ ಪೊಟ್ಟಣ ಬಿಚ್ಚುವ ಮೊದಲೇ ಗೊತ್ತಾಗುತ್ತಿತ್ತು. ತೊಳೆದೆ, ಬೇಯಿಸಿದೆ, ಐದು ಗಂಟೆಗೆ ಬಡಿಸಿದೆ.

ಮೂರು ಬಟ್ಟಲು ಖಾಲಿಯಾಗುವ ಹೊತ್ತಿಗೆ ಗುಬ್ಬಿಯನ್ನು ನೋಡಿಕೊಳ್ಳುವ ಹ್ಯಾಂಡ್ಲರ್ ಬಂದಳು. ಇಪ್ಪತ್ತೆಂಟು ವರ್ಷದ ಹುಡುಗಿ, ಗುಬ್ಬಿಯನ್ನು ಮರಿಯಿಂದ ಸಾಕಿದವಳು. ಬಾಗಿಲಲ್ಲೇ ಮೂಗು ಮುಚ್ಚಿಕೊಂಡು "ಅಣ್ಣಾ, ಏನಿದು ವಾಸನೆ?" ಅಂದಳು. ನಾನು ತಿರುಗಿ ನೋಡುವಷ್ಟರಲ್ಲೇ ಉಳಿದ ಮೂರು ಬಟ್ಟಲುಗಳನ್ನು ಒದ್ದು ಉರುಳಿಸಿದಳು.

ತಿಂದವರು ದೊರೆ, ಪಟಾಕಿ, ಗುಬ್ಬಿ. ಗಂಟೆಯೊಳಗೆ ವಾಂತಿ ಶುರುವಾಯಿತು. ಡಾಕ್ಟರಮ್ಮ ಡ್ರಿಪ್ ಹಾಕುತ್ತಾ "ನಿಮಗೆ ಗೊತ್ತಾಗ್ಲಿಲ್ವಾ?" ಅಂತ ಕೇಳಿದರು.

"ನೆಗಡಿ ಆಗಿತ್ತು" ಅಂದೆ.

ಗುಬ್ಬಿ ಸಿಮೆಂಟಿನ ನೆಲದ ಮೇಲೆ ಮಲಗಿ ನನ್ನನ್ನೇ ನೋಡುತ್ತಿತ್ತು. ಬೈಯುವ ನೋಟವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಬಾಲದ ತುದಿ ಮಾತ್ರ ಒಂದೆರಡು ಸಲ ಅಲ್ಲಾಡಿತು.

ಮಾರ್ಚ್ 18, ಮಂಗಳವಾರ

ಬೆಳಕು ಹರಿಯುವ ಮೊದಲೇ ಹೋದೆ. ಮೂರೂ ಬದುಕಿವೆ. ಗುಬ್ಬಿಗೆ ಔಷಧಿ ಕುಡಿಸಲು ಹ್ಯಾಂಡ್ಲರ್ ಒದ್ದಾಡುತ್ತಿದ್ದಳು. ನಾನು ಬೊಗಸೆಯಲ್ಲಿ ಹಿಡಿದೆ. ವಿಷ ಉಣ್ಣಿಸಿದ ಕೈಯಿಂದಲೇ ನೆಕ್ಕಿ ಕುಡಿಯಿತು. ಅಲ್ಲಿಂದ ಎದ್ದು ನೇರವಾಗಿ ದಳದ ಸಾಹೇಬರ ಕೋಣೆಗೆ ಹೋದೆ.

"ಸಾರ್, ನೆಗಡಿ ಅಂದಿದ್ದು ಸುಳ್ಳು. ನವೆಂಬರ್‌ನಿಂದ ನನಗೆ ವಾಸನೆ ಬರಲ್ಲ. ಕೆಲಸ ಬೇಕಿತ್ತು, ಮುಚ್ಚಿಟ್ಟೆ. ನನ್ನ ಭಾಮೈದನದೇನೂ ತಪ್ಪಿಲ್ಲ."

ಕೊನೆಯದೂ ಸುಳ್ಳೇ. ಅದೊಂದು ಇರಲಿ.

ಸಾಹೇಬರು "ಈ ಮೂರು ನಾಯಿ ಇವತ್ತು ಡ್ಯೂಟಿಗಿಲ್ಲ. ಇವತ್ತೇ ಎಲ್ಲೋ ಗೋಡೆ ಕುಸಿದ್ರೆ ಏನಾಗುತ್ತೆ ಗೊತ್ತೇನ್ರೀ?" ಅಂದರು. ತಲೆ ತಗ್ಗಿಸಿದೆ. ಬಾಗಿಲಲ್ಲಿ ಹ್ಯಾಂಡ್ಲರ್ ನಿಂತಿದ್ದಳು. ದೂರು ಕೊಡಲು ಬಂದಿದ್ದಾಳೆ ಅಂದುಕೊಂಡೆ. ಕೊಟ್ಟಿದ್ದರೂ ನ್ಯಾಯವೇ.

"ಸಾರ್, ಗುಬ್ಬಿ ನನ್ನ ಕೈಯಿಂದ ಔಷಧಿ ತಗೊಳ್ಳಲಿಲ್ಲ, ಇವರ ಕೈಯಿಂದ ತಗೊಂಡ್ಲು" ಅಂದಳು. ಅಷ್ಟೇ ಹೇಳಿ ಹೋದಳು.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಇಲ್ಲಿ ಆರು ನಾಯಿ, ಆರು ಹ್ಯಾಂಡ್ಲರು. ಹನ್ನೆರಡು ಮೂಗು. ಹದಿಮೂರನೇದು ಕೆಟ್ಟಿದೆ ಅಂತ ಅಡುಗೆಮನೆ ಮುಚ್ಚಕ್ಕಾಗುತ್ತಾ? ಸುಳ್ಳು ಹೇಳಿದ್ದಕ್ಕೆ ಎರಡು ವಾರ ಗೂಡುಗಳನ್ನೆಲ್ಲ ನೀವೇ ತೊಳೀರಿ. ಮೂಗಿಗೆ ನಾನು ವ್ಯವಸ್ಥೆ ಮಾಡ್ತೀನಿ."

ಹೊರಗೆ ಬಂದು ನಲ್ಲಿ ತಿರುಗಿಸಿ ಮುಖ ತೊಳೆದೆ. ಮತ್ತೆ ಮತ್ತೆ ತೊಳೆಯಬೇಕಾಯಿತು.

ಮಾರ್ಚ್ 20, ಗುರುವಾರ

ನೋಟಿಸ್ ಬೋರ್ಡಿನಲ್ಲಿ ಸಾಹೇಬರ ಸಹಿಯ ಹಾಳೆ. ತಲೆಬರಹ: ಮೂಗಿನ ಡ್ಯೂಟಿ. ಸೋಮವಾರದಿಂದ ಶನಿವಾರದವರೆಗೆ ದಿನಕ್ಕೊಬ್ಬ ಹ್ಯಾಂಡ್ಲರ್ ಅಡುಗೆಮನೆಗೆ ಬಂದು ಮಾಂಸ, ಹಾಲು, ಮೊಟ್ಟೆ ಮೂಸಿ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಭಾನುವಾರ ಸ್ವತಃ ಸಾಹೇಬರು.

ಊಟದ ಹೊತ್ತಿಗೆ ಇಡೀ ದಳಕ್ಕೆ ಇದೇ ತಮಾಷೆ. ದೊರೆಯ ಹ್ಯಾಂಡ್ಲರ್, ಗಿರಿಜಾ ಮೀಸೆಯವನು, "ಬೇರೆಯವರ ಕೆಲಸದಲ್ಲಿ ಮೂಗು ತೂರಿಸಬೇಡ ಅಂತ ನಮ್ಮಜ್ಜಿ ಬೈತಿದ್ಲು. ಇಲ್ಲಿ ನೋಡಿದ್ರೆ ಸರ್ಕಾರಿ ಆರ್ಡರ್" ಅಂದ. ಪಟಾಕಿಯ ಹ್ಯಾಂಡ್ಲರ್ ಹಾಲಿನ ಪಾತ್ರೆಗೆ ಬಗ್ಗಿ ಮೀಸೆ ಅದ್ದಿಕೊಂಡ. ನಾನೂ ನಕ್ಕೆ. ನಕ್ಕ ಮೇಲೆ ಗಂಟಲು ನೋಯಿತು, ಬಹಳ ದಿನ ಬಳಸದ ದಾರಿಯ ಹಾಗೆ.

ಭಾಮೈದ ಮಾತ್ರ ಬಂದು ಕಾಲು ಮುಟ್ಟುವುದೊಂದು ಬಾಕಿ. "ಭಾವ, ನನಗೂ ಗೊತ್ತಿತ್ತು ಅಂತ ಹೇಳಲಿಲ್ಲವಂತೆ." "ಹೇಳೋಕೆ ಹೋಗ್ಬೇಡಿ ಅಂತ ನೀನೇ ಅಂದಿದ್ದಲ್ಲೋ" ಅಂದೆ.

ಡಬ್ಬಿ: ನಾಲ್ಕೂ ಇಲ್ಲ.

ಏಪ್ರಿಲ್ 8, ಮಂಗಳವಾರ

ಬೇರೆ ಊರಿನಲ್ಲಿ ಕಟ್ಟುತ್ತಿದ್ದ ನಾಲ್ಕಂತಸ್ತಿನ ಕಟ್ಟಡ ಕೂತುಹೋಗಿದೆ. ಒಳಗೆ ಕೆಲಸಗಾರರಿದ್ದರಂತೆ. ಹನ್ನೊಂದಕ್ಕೆ ಕರೆ ಬಂತು, ಹನ್ನೊಂದೂಕಾಲಿಗೆ ವ್ಯಾನ್ ಹೊರಟಿತು. ಗುಬ್ಬಿ, ಹ್ಯಾಂಡ್ಲರ್, ಭಾಮೈದ. ಆ ಹದಿನೈದು ನಿಮಿಷದಲ್ಲಿ ಬೇಯಿಸಿದ ಮಾಂಸ, ಅನ್ನ ಡಬ್ಬಿಗಳಿಗೆ ತುಂಬಿ ಐಸ್ ಪೆಟ್ಟಿಗೆಗಿಟ್ಟೆ. ಮೂರು ದಿನಕ್ಕಾಗುವಷ್ಟು.

"ನಿನಗೇನಾದ್ರೂ ಇಟ್ಕೊಂಡ್ಯೇನಮ್ಮ?" ಅಂತ ಹ್ಯಾಂಡ್ಲರನ್ನು ಕೇಳಿದೆ. ಇಲ್ಲವೆಂದು ತಲೆಯಾಡಿಸಿದಳು. ನನ್ನ ಊಟದ ಡಬ್ಬಿ ಕಿಟಕಿಯಿಂದ ಒಳಗೆ ಹಾಕಿದೆ.

ಗುಬ್ಬಿ ಹಿಂದಿನ ಜಾಲರಿಗೆ ಮೂತಿ ಒತ್ತಿಕೊಂಡು ನಿಂತಿತ್ತು. ಕೆಲಸಕ್ಕೆ ಹೊರಟಿದ್ದೇವೆ ಅಂತ ಎಷ್ಟು ಖುಷಿ ಅದಕ್ಕೆ.

ಏಪ್ರಿಲ್ 10, ಗುರುವಾರ

ಸುದ್ದಿಯಿಲ್ಲ. ಗುಬ್ಬಿಯ ಬಟ್ಟಲನ್ನು ಇವತ್ತೂ ತೊಳೆದಿಟ್ಟೆ. ಕೊಳೆಯಾಗಿರಲಿಲ್ಲ.

ಏಪ್ರಿಲ್ 13, ಭಾನುವಾರ

ಬಂದರು. ರಜೆಯಿದ್ದರೂ ನಾನು ಅಲ್ಲೇ ಕಾದಿದ್ದೆ. ಹ್ಯಾಂಡ್ಲರ್ ಗುಬ್ಬಿಯನ್ನು ಗೂಡಿಗೆ ಬಿಟ್ಟು, ಯಾರಿಗೂ ಮುಖ ಕೊಡದೆ ಹೊರಟುಹೋದಳು. ಭಾಮೈದ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತ. ಟೀ ಮಾಡಿಕೊಟ್ಟೆ. ಲೋಟ ಹಿಡಿದುಕೊಂಡೇ ಹೇಳಿದ.

"ಒಂಬತ್ತು ಜನ, ಭಾವ. ಒಂಬತ್ತನ್ನೂ ಗುಬ್ಬಿಯೇ ಹುಡುಕಿದ್ಲು. ಒಬ್ಬರಲ್ಲೂ ಜೀವ ಇರಲಿಲ್ಲ."

ಪಕ್ಕದಲ್ಲಿ ಕೂತೆ.

"ಮೊದಲನೇ ಸಲ ಸಿಕ್ಕಾಗ ಬೊಗಳಿ ಬಾಲ ಆಡಿಸಿದ್ಲು. ಮನುಷ್ಯ ಸಿಕ್ಕಿದ್ರೆ ಅವಳಿಗೆ ಆಟಿಕೆ ಕೊಡ್ಬೇಕಲ್ಲ, ಎಲ್ಲರೂ ಖುಷಿಪಡ್ಬೇಕಲ್ಲ. ಅಲ್ಲಿ ಯಾರು ಖುಷಿಪಡ್ತಾರೆ? ಅಲ್ಲೇ ನಿಂತಿದ್ದ ಹೆಂಗಸು ಕಿರುಚಿಕೊಂಡ್ಲು. ಗುಬ್ಬಿ ಹೆದರಿ ಹಿಂದೆ ಸರಿದ್ಲು. ನಾಲ್ಕನೇದಕ್ಕೆ ಬೊಗಳಲಿಲ್ಲ ಭಾವ. ಅಲ್ಲೇ ಸುಮ್ನೆ ಕೂತ್ಕೊಂಡ್ಲು. ಆಮೇಲೆ ಒಂಬತ್ತನೇದರ ತನಕ ಹಾಗೇ. ಹೋಗೋದು, ಕೂತ್ಕೊಳ್ಳೋದು."

ಟೀ ಆರಿಹೋಯಿತು. ಬಿಸಿ ಮಾಡಿಕೊಡಲಾ ಅಂದೆ. ಬೇಡವೆಂದ. ಐಸ್ ಪೆಟ್ಟಿಗೆ ಬಿಚ್ಚಿದರೆ ಎರಡನೇ ದಿನದಿಂದ ಡಬ್ಬಿಗಳು ತುಂಬಿದ ಹಾಗೇ ಇವೆ.

ಏಪ್ರಿಲ್ 15, ಮಂಗಳವಾರ

ಗುಬ್ಬಿ ತಿನ್ನುತ್ತಿಲ್ಲ. ನೀರು ಮಾತ್ರ. ಮಾಂಸವನ್ನು ಎಳೆಎಳೆಯಾಗಿ ಬಿಡಿಸಿ ಕೈಯಲ್ಲಿ ಹಿಡಿದೆ. ಮುಖ ತಿರುಗಿಸಿತು. ನನಗೆ ಆ ಮುಖ ಪರಿಚಯದ್ದು. ನಾಲ್ಕು ತಿಂಗಳು ಊಟದ ಮುಂದೆ ನಾನು ಮಾಡಿದ್ದು ಅದನ್ನೇ. ಹೆಂಡತಿ ಹೇಗೆ ತಡೆದುಕೊಂಡಳೋ.

ಹ್ಯಾಂಡ್ಲರಿಗೆ ಇವತ್ತು ಮೂಗಿನ ಡ್ಯೂಟಿ. ಮಾಂಸ ಮೂಸಿ ಸಹಿ ಹಾಕಿ, ಪೆನ್ನು ಹಿಡಿದುಕೊಂಡೇ ನಿಂತುಬಿಟ್ಟಳು.

"ಅಣ್ಣ, ಗುಬ್ಬಿ ಪ್ರಕಾರ ನಾನು ಒಂಬತ್ತು ಸಲ ಮೋಸ ಮಾಡಿದೀನಿ. ಅವಳು ತನ್ನ ಕೆಲಸ ಸರಿಯಾಗೇ ಮಾಡಿದ್ಲು."

ಸ್ಟೂಲು ಎಳೆದು ಕೂರಿಸಿದೆ. ಹೆಂಡತಿ ಕಟ್ಟಿಕೊಟ್ಟಿದ್ದ ಡಬ್ಬಿ ಬಿಚ್ಚಿ ಮುಂದಿಟ್ಟೆ. "ನನಗೆ ರುಚಿ ಗೊತ್ತಾಗಲ್ಲ. ಹೇಗಿದೆ ಅಂತ ನೀನು ಹೇಳಮ್ಮ, ಮನೆಗೆ ಹೋಗಿ ಹೇಳ್ಬೇಕು" ಅಂದೆ. ಒಂದು ತುತ್ತು ತಿಂದಳು, ಇನ್ನೊಂದು. ಅರ್ಧ ಡಬ್ಬಿ ಮುಗಿಸಿ "ತುಂಬಾ ಚೆನ್ನಾಗಿದೆ" ಅಂದಳು, ಅಳುತ್ತಲೇ.

ಡಾಕ್ಟರಮ್ಮ ಬಂದರು. ಮೈಯಲ್ಲಿ ಏನೂ ಕಾಯಿಲೆಯಿಲ್ಲವಂತೆ. ಗುಬ್ಬಿಗೆ ಜೀವವಿರುವ ಮನುಷ್ಯ ಸಿಗಬೇಕಂತೆ.

"ಆ ಕಟ್ಟಡದ ಹತ್ರಾನೇ ಕೊನೇ ದಿನ ಒಬ್ಬ ಪೇದೆಯನ್ನ ಬಚ್ಚಿಟ್ಟು ನೋಡಿದ್ವಿ ಮೇಡಂ" ಅಂದಳು ಹ್ಯಾಂಡ್ಲರ್. "ಹುಡುಕಿದ್ಲು. ಆದ್ರೆ ಆಟಿಕೆ ಮುಟ್ಟಲಿಲ್ಲ."

"ಅದು ಅವಳಿಗೆ ಡ್ಯೂಟಿ. ತಾನಾಗೇ ಹುಡುಕಿಕೊಂಡು ಹೋಗೋ ಮನುಷ್ಯ ಬೇಕು. ದಿನಾ ಸಂಜೆ ಐದಕ್ಕೆ ಜಾಲರಿಗೆ ಮೂತಿ ಇಟ್ಕೊಂಡು ಯಾರ ದಾರಿ ಕಾಯ್ತಾಳೆ ಇವಳು?"

ಇಬ್ಬರೂ ನನ್ನ ಕಡೆ ನೋಡಿದರು. ನನ್ನ ಕೈಯಲ್ಲಿ ಸೌಟಿತ್ತು.

ಏಪ್ರಿಲ್ 16, ಬುಧವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಮೈದಾನದ ಹಿಂದೆ ತರಬೇತಿಗೆಂದು ಒಡೆದ ಗೋಡೆ, ಕಾಂಕ್ರೀಟು ಕೊಳವೆ, ಇಟ್ಟಿಗೆ ರಾಶಿ ಹಾಕಿದ್ದಾರೆ. ರಾಶಿಯ ನಡುವೆ ಒಂದು ಕೊಳವೆ, ಮನುಷ್ಯ ಮಂಡಿ ಮಡಿಚಿ ಕೂರುವಷ್ಟು. ನಾಲ್ಕೂವರೆಗೆ ಅದರೊಳಗೆ ತೂರಿಕೊಂಡೆ. ಹ್ಯಾಂಡ್ಲರ್ ಗಂಟು ಹಾಕಿದ ಹಗ್ಗದ ಆಟಿಕೆ ಕೊಟ್ಟು, "ಕೂಗಬೇಡಿ, ಕೆಮ್ಮಬೇಡಿ. ಅವಳು ಬಂದ ಮೇಲೆ ಹಬ್ಬ ಮಾಡಿ ಅಣ್ಣ, ನಾಚಿಕೆ ಪಡಬೇಡಿ" ಅಂದಳು. ಕೊಳವೆಯ ಬಾಯಿಗೆ ಹಲಗೆ ಮುಚ್ಚಿ, ಮೇಲೆ ಇಟ್ಟಿಗೆ ಪೇರಿಸಿದರು.

ಕತ್ತಲು. ಐವತ್ತನಾಲ್ಕು ವರ್ಷದ ಮಂಡಿ ಐದೇ ನಿಮಿಷಕ್ಕೆ ಬೊಬ್ಬೆ ಹಾಕಿತು. ಅಲ್ಲಿ ಧೂಳಿನ ವಾಸನೆ ಇತ್ತೋ, ತೇವದ ವಾಸನೆ ಇತ್ತೋ, ನನಗೆ ಏನೂ ಇಲ್ಲ. ಕಣ್ಣಿಗೂ ಏನಿಲ್ಲ, ಮೂಗಿಗೂ ಏನಿಲ್ಲ. ನಾನೇ ಇಲ್ಲವೇನೋ ಅನ್ನಿಸಿತು. ಆ ಒಂಬತ್ತು ಜನರೂ ಹೀಗೇ ಕಾದಿದ್ದರೋ ಏನೋ. ಅವರಲ್ಲಿ ಯಾರಿಗಾದರೂ ಕಾಯುವಷ್ಟು ಸಮಯ ಸಿಕ್ಕಿತ್ತೋ ಇಲ್ಲವೋ.

ಐದು ಗಂಟೆ ಆಗಿರಬೇಕು. ಗೂಡುಗಳ ಕಡೆ ಬಟ್ಟಲಿನ ಸದ್ದಾಯಿತು. ಬಡಿಸುತ್ತಿದ್ದದ್ದು ದೊರೆಯ ಹ್ಯಾಂಡ್ಲರ್. ಯೋಜನೆಯೇ ಅದು, ಇವತ್ತು ನಾನು ಬರಬಾರದು, ಆಗ ಗೂಡಿನ ಬಾಗಿಲು ತೆಗೆದರೆ ಗುಬ್ಬಿ ಏನು ಮಾಡುತ್ತದೆ ನೋಡೋಣ ಅಂತ. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ನನ್ನಂಥವನನ್ನು ಅದು ಯಾಕೆ ಹುಡುಕಬೇಕು? ಕೆಟ್ಟ ಮಾಂಸ ತಿನ್ನಿಸಿದವನು. ಸೌಟು ಹಿಡಿದವರು ಯಾರಾದರೇನು ಅದಕ್ಕೆ?

ಮೊದಲು ಕೇಳಿಸಿದ್ದು ಉಸಿರು. ಹ್ಹ, ಹ್ಹ, ಹ್ಹ ಅಂತ, ದೂರದಲ್ಲಿ. ನಿಂತಿತು. ಮತ್ತೆ ಬಂತು, ಈಗ ಇನ್ನೊಂದು ಕಡೆಯಿಂದ. ಆಮೇಲೆ ಕಾಂಕ್ರೀಟಿನ ಮೇಲೆ ಉಗುರಿನ ಸದ್ದು. ಹಲಗೆಯ ಸಂದಿಗೆ ಒಂದು ಮೂತಿ ಬಂದು ಒಳಗಿನ ಗಾಳಿಯನ್ನೆಲ್ಲ ಎಳೆದುಕೊಂಡಿತು. ಹಾಗೆ ಯಾರೂ ನನ್ನನ್ನು ಮೂಸಿರಲಿಲ್ಲ.

ಕೂರುತ್ತದೋ? ಸುಮ್ಮನೆ ಕೂತುಬಿಟ್ಟರೆ?

ಬೊಗಳಿತು. ಒಂದಲ್ಲ, ಎರಡಲ್ಲ, ನಿಲ್ಲಿಸಲೇ ಇಲ್ಲ. ಇಟ್ಟಿಗೆ ಸರಿದವು, ಹಲಗೆ ಎದ್ದಿತು, ಬೆಳಕಿನ ಜೊತೆಗೇ ಮೂವತ್ತೊಂದು ಕೆಜಿ ನನ್ನ ಮೇಲೆ ಬಿತ್ತು. "ಬಂದ್ಯಾ ತಾಯಿ, ಬಂದ್ಯಾ, ನನ್ನ ಹುಡುಕಿದ್ಯಾ" ಅಂತ ಏನೇನೋ ಅಂದೆ. ಹಬ್ಬ ಮಾಡಿ ಅಂತ ಹೇಳಿದ್ದು ನೆನಪೇ ಇರಲಿಲ್ಲ, ತಾನಾಗೇ ಆಯಿತು. ಹಗ್ಗದ ಒಂದು ತುದಿ ಅದರ ಬಾಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಕೊಳವೆಯಿಂದ ನನ್ನನ್ನು ಹೊರಗೆ ಎಳೆದಿದ್ದು ಹ್ಯಾಂಡ್ಲರ್ ಅಲ್ಲ, ಗುಬ್ಬಿಯೇ.

ಸಾಹೇಬರು ದೂರದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಡಾಕ್ಟರಮ್ಮ ಬೆನ್ನು ತಿರುಗಿಸಿಕೊಂಡಿದ್ದರು. ಹ್ಯಾಂಡ್ಲರ್ ಮಂಡಿಯೂರಿ ಕೂತು ಗುಬ್ಬಿಯ ಕಿವಿಯೊಳಗೆ ಏನೋ ಹೇಳಿದಳು. ಏನು ಅಂತ ನಾನು ಕೇಳಲಿಲ್ಲ.

ಬಟ್ಟಲು ಇಟ್ಟೆ. ತಿಂದಿತು. ಪೂರ್ತಿ.

ಮನೆಗೆ ಬಂದು ಇವಳಿಗೆಲ್ಲ ಹೇಳಿದೆ. ಅರ್ಧಕ್ಕೇ "ಬಟ್ಟೆಯೆಲ್ಲ ಸಿಮೆಂಟು, ಮೊದಲು ಸ್ನಾನ ಮಾಡಿ" ಅಂದಳು. ಸ್ನಾನ ಮಾಡಿ ಬಂದ ಮೇಲೆ "ಆಮೇಲೇನಾಯ್ತು?" ಅಂತ ಶುರುವಿಂದ ಇನ್ನೊಮ್ಮೆ ಹೇಳಿಸಿದಳು. ಇಬ್ಬರೂ ಊಟ ಮಾಡಿದೆವು.

ಮೇ 4, ಭಾನುವಾರ

ವಾರಕ್ಕೆ ಎರಡು ದಿನ ಬಚ್ಚಿಟ್ಟುಕೊಳ್ಳುವ ಕೆಲಸವೂ ನನ್ನದೇ ಈಗ. ಮಂಡಿಗೆ ಎಣ್ಣೆ ಹಚ್ಚಿಕೊಂಡು ಹೋಗುತ್ತೇನೆ. ಕಳೆದ ವಾರ ಗುಬ್ಬಿ ನನ್ನನ್ನು ನಾಲ್ಕು ನಿಮಿಷದಲ್ಲಿ ಪತ್ತೆಮಾಡಿತು. "ನಿಮ್ಮನ್ನ ಹುಡುಕೋದು ಅವಳಿಗೆ ತೀರಾ ಸುಲಭ ಆಗ್ತಿದೆ, ಸ್ವಲ್ಪ ಕಡಿಮೆ ಪ್ರೀತಿ ಮಾಡಿ" ಅಂತಾಳೆ ಹ್ಯಾಂಡ್ಲರ್.

ಇವತ್ತು ರಜೆ. ಬೆಳಿಗ್ಗೆ ಇವಳ ಕೈಯಿಂದ ಚಾಕು ಕಿತ್ತುಕೊಂಡೆ.

"ಏನ್ರೀ ಇದು?"

"ಅಡುಗೆ ನನ್ನದು. ಮೂಗಿನ ಡ್ಯೂಟಿ ನಿಂದು. ಒಲೆ ಹತ್ರ ನಿಂತ್ಕೊಂಡು ಏನೇನು ಬರುತ್ತೆ ಹೇಳು."

ಮೊದಲು ನಾಚಿಕೊಂಡಳು. ಆಮೇಲೆ ಕಣ್ಣು ಮುಚ್ಚಿ ನಿಂತಳು. "ಹಸಿ ವಾಸನೆ... ಈಗ ಸ್ವಲ್ಪ ಸಿಹಿ... ಅಂಚು ಕಂದುತ್ತಿದೆ... ಈಗ. ಈಗ ಇಳಿಸಿ." ಇಳಿಸಿದೆ. ಬೆಳ್ಳುಳ್ಳಿ ಚಿನ್ನದ ಬಣ್ಣಕ್ಕೆ ತಿರುಗಿತ್ತು, ಒಂದು ಕೂದಲೆಳೆ ಆಚೆಯಿಲ್ಲ, ಈಚೆಯಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ, ಇವಳಿಗೆ ಇಂಥ ಮೂಗಿದೆ ಅಂತ ಗೊತ್ತೇ ಇರಲಿಲ್ಲ. ಕೇಳಿದ್ದರಲ್ಲವೇ ಗೊತ್ತಾಗುವುದು.

ಬಡಿಸುವಾಗ, "ಹನ್ನೊಂದು ದಿನದಿಂದ ಡಬ್ಬಿ ಮುಟ್ಟಿಲ್ಲ ನೀವು, ಡಾಕ್ಟ್ರು ಬೈತಾರೆ" ಅಂದಳು. ಹೌದಾ ಅನ್ನಿಸಿತು. ಒಂದು ತೆಗೆದೆ.

ನಿಂಬೆ: ಇಲ್ಲ. ಉಳಿದವು ನೋಡಲಿಲ್ಲ, ಊಟ ಆರುತ್ತಿತ್ತು.

ಮೇ 22, ಗುರುವಾರ

ಮಧ್ಯಾಹ್ನ ಎರಡೂವರೆಗೆ ಹ್ಯಾಂಡ್ಲರ್ ಫೋನು. ಬೆಳಿಗ್ಗೆ ಪೇಟೆಯ ಹಿಂದಿನ ದೊಡ್ಡ ತಡೆಗೋಡೆ ಸಾಲು ಅಂಗಡಿಗಳ ಮೇಲೆ ಬಿದ್ದಿದೆ ಅಂತ ಹೋಗಿದ್ದರು. ಗದ್ದಲದಲ್ಲಿ ಮಾತು ಸರಿಯಾಗಿ ಕೇಳಿಸಲಿಲ್ಲ.

"ಅಣ್ಣ, ಸಿಕ್ಕಿದಾರೆ. ಒಬ್ಬರು ಹೆಂಗಸು. ಜೀವ ಇದೆ. ಮಾತಾಡ್ತಿದಾರೆ."

"ಗುಬ್ಬಿ?"

"ಬೊಗಳ್ತಾನೇ ಇದ್ದಾಳೆ, ಕೇಳಿಸ್ತಿಲ್ವಾ?"

ಕೇಳಿಸಿತು. ಅಕ್ಕಿ ಮೂಟೆಯ ಮೇಲೆ ಕೂತುಬಿಟ್ಟೆ. ಮಾಂಸ ತಳ ಹಿಡಿದಿದ್ದು ಪಟಾಕಿಯ ಹ್ಯಾಂಡ್ಲರ್ ಬಂದು ಕೂಗಿದ ಮೇಲೆ ಗೊತ್ತಾಯಿತು. ಇವತ್ತಿನ ಮೂಗು ಅವನದ್ದು. ದೇವರು ಅವನಿಗೆ ಒಳ್ಳೆಯದು ಮಾಡಲಿ.

ಜೂನ್ 11, ಬುಧವಾರ

ಆ ಹೆಂಗಸು ಇವತ್ತು ಬಂದಿದ್ದರು. ಬಟ್ಟೆ ಹೊಲಿಯುವವರು. ಆ ದಿನ ಅಂಗಡಿಯ ಕತ್ತರಿಸುವ ಮೇಜಿನಡಿ ಆರು ಗಂಟೆ ಸಿಕ್ಕಿಕೊಂಡಿದ್ದರಂತೆ. ಎಡಗೈಗೆ ಇನ್ನೂ ಪ್ಲಾಸ್ಟರ್ ಇದೆ. ಗಂಡನನ್ನು ಗೇಟಿನ ಹತ್ತಿರ ಬಿಟ್ಟು ಒಬ್ಬರೇ ಒಳಗೆ ಬಂದರು.

ಹ್ಯಾಂಡ್ಲರ್ ಗುಬ್ಬಿಯನ್ನು ಕರೆತಂದಳು. ಹೆಂಗಸು ಬಗ್ಗಿದರು, ಆದರೆ ಮುಟ್ಟಲು ಕೈ ಹೋಗಲಿಲ್ಲ. ಗುಬ್ಬಿಯೇ ಹೋಗಿ ಪ್ಲಾಸ್ಟರ್ ಮೂಸಿ, ಅಲ್ಲಿಂದ ಮೇಲೆ ಕುತ್ತಿಗೆಯವರೆಗೆ ಮೂಸಿ, ಪರಿಚಯದವರು ಸಿಕ್ಕ ಹಾಗೆ ಅವರ ಪಾದದ ಮೇಲೆ ಕೂತುಬಿಟ್ಟಿತು. ಆಮೇಲೆ ಅವರ ಕೈ ಅದರ ತಲೆಯ ಮೇಲೆ ಬಂತು.

"ಮೇಲೆ ಜನ ಓಡಾಡೋದು ಕೇಳಿಸ್ತಿತ್ತು" ಅಂದರು, ನಮ್ಮಿಬ್ಬರಿಗೂ ಹೇಳುವ ಹಾಗೆ. "ಕೂಗಿ ಕೂಗಿ ಗಂಟಲು ಕಟ್ಟಿತ್ತು. ಯಾರಿಗೂ ಕೇಳಿಸಲಿಲ್ಲ. ಆಯ್ತು, ಇನ್ನು ಬಿಡು ಅಂದ್ಕೊಂಡೆ. ಆಗ ಮೊದಲು..."

"ಉಸಿರು" ಅಂದೆ.

ಅವರು ನನ್ನ ಕಡೆ ನೋಡಿದರು. "ಹೌದು. ಉಸಿರು. ಹತ್ರ ಬಂದು, ದೂರ ಹೋಗಿ..."

"ಹೋಗೇಬಿಡ್ತು ಅಂದುಕೊಳ್ಳೋ ಹೊತ್ತಿಗೆ ಇನ್ನೊಂದು ಕಡೆಯಿಂದ ಬರುತ್ತೆ."

"ಹೌದು" ಅಂದರು. ಕಣ್ಣು ತುಂಬಿತ್ತು. "ನೀವೂ ಸಿಕ್ಕಿಹಾಕ್ಕೊಂಡಿದ್ರಾ?"

ತರಬೇತಿಗೆ ಬಚ್ಚಿಟ್ಟುಕೊಂಡಿದ್ದೆ ಅಷ್ಟೇ, ನಾನಿಲ್ಲಿ ಅಡುಗೆಯವನು, ಅನ್ನಬೇಕಿತ್ತು. "ಹೂಂ" ಅಂದೆ. ಹ್ಯಾಂಡ್ಲರ್ ನನ್ನ ಮುಖ ನೋಡಿದಳು.

"ಎಷ್ಟು ಹೊತ್ತು?"

ಏಳು ತಿಂಗಳು ಅಂತ ಬಾಯಿಗೆ ಬಂತು. ಯಾಕೆ ಬಂತೋ ಗೊತ್ತಿಲ್ಲ. "ಅರ್ಧ ಗಂಟೆ" ಅಂದೆ. "ನಿಮ್ಮಷ್ಟು ಇಲ್ಲ."

"ಒಳಗಿದ್ದವರಿಗೆ ಅರ್ಧ ಗಂಟೆ ಏನು, ಆರು ಗಂಟೆ ಏನು" ಅಂದರು ಅವರು.

ಐದು ಗಂಟೆಯಾಗಿತ್ತು. ಗುಬ್ಬಿಯ ಬಟ್ಟಲು ತಂದೆ. "ನಾನು ಇಡಬಹುದಾ?" ಅಂತ ಕೇಳಿದರು. ತುಂಬಿದ ಬಟ್ಟಲು, ಒಂದು ಕೈಗೆ ಭಾರ. ಒಂದು ಅಂಚು ಅವರು ಹಿಡಿದರು, ಇನ್ನೊಂದನ್ನು ನಾನು ಹಿಡಿದೆ. ಇಬ್ಬರೂ ಬಗ್ಗಿ, ಚೆಲ್ಲದ ಹಾಗೆ ನೆಲಕ್ಕಿಟ್ಟೆವು.

ಗುಬ್ಬಿ ತಿನ್ನತೊಡಗಿತು. ಬಟ್ಟಲು ಖಾಲಿಯಾಗುವವರೆಗೂ ಮೂವರೂ ಅಲ್ಲೇ ನಿಂತು ನೋಡುತ್ತಿದ್ದೆವು.